ಕುಳಿತು ಆಡುವ ಆಟದಲ್ಲಿ ಹಾಡುಗಾರನ ಅಧಿಕಾರ

ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ನಾಲ್ಕಾರು ಮಂದಿ ಒಂದೆಡೆ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮೊದಲೇ ಬರೆದಿಡದ ಮಾತುಗಳಿಂದ ಒಂದು ಕಥೆಯನ್ನು ಮುನ್ನಡೆಸುತ್ತಾರೆ. ಈ ವರ್ಣನೆಯನ್ನು ಕೇಳಿದೊಡನೆ ಕರಾವಳಿಯ ಕನ್ನಡಿಗನಿಗೆ ತಾಳಮದ್ದಳೆಯ ಕೂಟ ನೆನಪಾಗುವುದು ಸಹಜ. ಆದರೆ ಇದೇ ವರ್ಣನೆ ಅಮೆರಿಕೆಯಲ್ಲಿ 1974ರಲ್ಲಿ ಅಚ್ಚಾಗಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟಕ್ಕೂ ಹೆಚ್ಚುಕಡಿಮೆ ಹಾಗೆಯೇ ಒಪ್ಪುತ್ತದೆ. ಎರಡರಲ್ಲಿಯೂ ಹಾಡುಗಾರನೊಬ್ಬನಿದ್ದಾನೆ. ತಾಳಮದ್ದಳೆಯಲ್ಲಿ ಅವನು ಭಾಗವತ. ಮೇಜಿನ ಆಟದಲ್ಲಿ ‘ಬಾರ್ಡ್’. ಎರಡು ಕಡೆಗಳಲ್ಲಿಯೂ ಅವನ ಅಧಿಕಾರವೆಷ್ಟು, ಸಾಮರ್ಥ್ಯವೇನು, ಅವನನ್ನು ಕಟ್ಟುವ ನಿಯಮಗಳಾವುವು ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ಆ ಎರಡು ಚರ್ಚೆಗಳನ್ನು ಒಂದರ ಬಳಿ ಒಂದನ್ನಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಇದು ಕೇವಲ ಕುತೂಹಲದ ಹೋಲಿಕೆಯೆಂದು ಮುಂಬಯಿ ಪ್ರದೇಶದ ಕನ್ನಡಿಗರು ತಳ್ಳಿಹಾಕುವಂತಿಲ್ಲ. ಠಾಣೆ–ವಾಶಿ ರೈಲುಮಾರ್ಗದಲ್ಲಿ ಐರೋಳಿ ಮತ್ತು ಘಣಸೋಳಿಗಳ ನಡುವೆ ಬರುವ ರಬಾಳೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಠಾಣೆ–ಬೇಲಾಪುರ ರಸ್ತೆಯ ಕೈಗಾರಿಕಾ ವಲಯಕ್ಕೆ ಸೇರಿದ ಈ ಊರಿಗೆ 2004ರಲ್ಲಿ ಪ್ರಯಾಣಿಕರ ರೈಲು ಬಂದಿತು. ಕಾರ್ಖಾನೆ, ಹೋಟೆಲು, ಕಚೇರಿಗಳ ಕೆಲಸವನ್ನರಸಿ ಬಂದು ನವಿ ಮುಂಬಯಿಯ ಇಂತಹ ಊರುಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಹಿರಿಯರಿಗೆ ವಾಲಿಯ ಮಾತು ಗೊತ್ತು, ಕಿರಿಯರಿಗೆ ದಾಳದ ಆಟ ಗೊತ್ತು. ಒಂದೇ ಮನೆಯಲ್ಲಿ ಕುಳಿತು ಆಡುವ ಆಟಗಳೆರಡು ಪರಸ್ಪರ ಪರಿಚಯವಿಲ್ಲದೆ ಇರಬಹುದು. ಕನ್ನಡದಲ್ಲಿ ಆಶುವಾಗಿ ಮಾತನಾಡುವ ಕಲೆಯೊಂದು ಮುಂದಿನ ತಲೆಮಾರಿಗೆ ದಾಟುವುದೋ ಇಲ್ಲವೋ ಎಂಬ ಪ್ರಶ್ನೆ ಈ ಅಪರಿಚಯದ ಹಿಂದೆ ಅಡಗಿದೆ.

ಭಾಗವತನ ಸ್ಥಾನ

ತಾಳಮದ್ದಳೆಯ ಏರ್ಪಾಡು ಸರಳವಾದುದು. ಭಾಗವತ, ಮದ್ದಳೆಗಾರ, ಚೆಂಡೆಗಾರ ಮತ್ತು ಶ್ರುತಿ ಹಿಡಿಯುವವರು ಸೇರಿ ಹಿಮ್ಮೇಳ; ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಮುಮ್ಮೇಳ. ಪ್ರಸಂಗದ ಪದ್ಯಗಳು ಮೊದಲೇ ರಚಿತವಾದವು. ಅವುಗಳ ಮೇಲೆ ಅರ್ಥಧಾರಿ ಆಡುವ ಮಾತು ಮಾತ್ರ ಆ ಕ್ಷಣದಲ್ಲಿ ಹುಟ್ಟುವಂಥದು. ಭಾಗವತನು ಒಂದು ಪದ್ಯವನ್ನು ಹಾಡಿ ನಿಲ್ಲಿಸುತ್ತಾನೆ. ಅರ್ಥಧಾರಿ ಅದನ್ನು ಹಿಡಿದು ಬೆಳೆಸುತ್ತಾನೆ. ಎದುರಿನವನು ಅದನ್ನು ಪ್ರಶ್ನಿಸುತ್ತಾನೆ. ಮಾತು ಒಂದು ಹದಕ್ಕೆ ಬಂದಾಗ ಭಾಗವತನು ಮುಂದಿನ ಪದ್ಯವನ್ನು ಎತ್ತುತ್ತಾನೆ.

ಈ ‘ಎತ್ತುಗಡೆ’ಯಲ್ಲಿಯೇ ಭಾಗವತನ ಅಧಿಕಾರದ ರಹಸ್ಯವಿದೆ. ಯಾವ ಪದ್ಯವನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ರಾಗದಲ್ಲಿ, ಯಾವ ಲಯದಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ನಿರ್ಣಯಿಸುವವನು ಅವನು. ಬಯಲಾಟದಲ್ಲಿ ಭಾಗವತನನ್ನು ‘ಮೊದಲನೆಯ ವೇಷ’ವೆಂದು ಕರೆಯುವ ರೂಢಿ ಬಂದಿರುವುದು ಇದರಿಂದಲೇ. ವೇಷವಿಲ್ಲದ ತಾಳಮದ್ದಳೆಗೂ ಆ ಮಾತು ಸಲ್ಲುತ್ತದೆ. ಕೆಲವರು ಭಾಗವತರು ಹಾಡುವುದಷ್ಟರಿಂದ ತೃಪ್ತರಾಗದೆ ಪ್ರಸಂಗಗಳನ್ನು ತಾವೇ ರಚಿಸಿದ್ದೂ ಉಂಟು. ತೆಂಕುತಿಟ್ಟಿನ ಬಲಿಪ ನಾರಾಯಣ ಭಾಗವತರು (1938–2023) ಐದು ದಿನಗಳ ಆಟಕ್ಕಾಗಿ ದೇವೀಮಹಾತ್ಮೆಯನ್ನು ಹೆಣೆದುದು ಇದಕ್ಕೆ ಪ್ರಸಿದ್ಧವಾದ ನಿದರ್ಶನ.

‘ವಾಲಿವಧೆ’ಯ ಪ್ರಸಂಗವನ್ನು ಗಮನಿಸಿದರೆ ಈ ಅಧಿಕಾರದ ಬೆಲೆ ತಿಳಿಯುತ್ತದೆ. ಮರೆಯಲ್ಲಿ ನಿಂತು ಬಾಣಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಅರ್ಥಧಾರಿ ವಾಲಿಯಾಗಿ ಕುಳಿತರೆ ರಾಮನ ಪಾತ್ರಧಾರಿಗೆ ಉತ್ತರ ಸುಲಭವಲ್ಲ. ವಾದದಲ್ಲಿ ವಾಲಿಯೇ ಮೇಲುಗೈಯಾದರೂ ಆಗಬಹುದು. ಆದರೆ ವಾಲಿ ಬದುಕುವಂತಿಲ್ಲ. ಪ್ರಸಂಗ ಅದಕ್ಕೆ ಎಡೆಗೊಡದು. ವಾದದ ಗೆಲವು ಬೇರೆ, ಕಥೆಯ ಗತಿ ಬೇರೆ. ಇವೆರಡರ ನಡುವಣ ಸಂಧಿಯಲ್ಲಿ ಕುಳಿತು, ವಾಲಿಯ ಮಾತು ತನ್ನ ಶಿಖರವನ್ನು ಮುಟ್ಟಿದ ಗಳಿಗೆಯನ್ನು ಗುರುತಿಸಿ, ಮುಂದಿನ ಪದ್ಯದಿಂದ ಆ ಕೋಪವನ್ನು ಭಕ್ತಿಯ ಕಡೆಗೆ ತಿರುಗಿಸುವವನು ಭಾಗವತ. ಒಂದು ಗಳಿಗೆ ಮುಂಚೆ ಎತ್ತಿದರೆ ಅರ್ಥಧಾರಿಯ ಬಾಯಿ ಕಟ್ಟಿದಂತೆ; ಒಂದು ಗಳಿಗೆ ತಡಮಾಡಿದರೆ ವಾದ ವಿತಂಡವಾಗಿ ರಸಭಂಗ.

ಈ ಅಧಿಕಾರ ನಿರ್ವಿವಾದವಾಗಿ ಉಳಿದಿಲ್ಲ. ಮಾತಿನ ಮಲ್ಲರು ಪ್ರಬಲರಾದ ಕೂಟಗಳಲ್ಲಿ ಭಾಗವತನು ಪದ್ಯ ಹೇಳಿ ಗಂಟೆಗಟ್ಟಲೆ ಸುಮ್ಮನಿರಬೇಕಾದ ಸ್ಥಿತಿ ಬಂದಿತೆಂದು ಒಂದು ಪಕ್ಷದ ದೂರು. ಈಚೆಗೆ ‘ಗಾನವೈಭವ’ದಂತಹ ಕಾರ್ಯಕ್ರಮಗಳ ಪ್ರಭಾವದಿಂದ ಭಾಗವತನೇ ಆಲಾಪನೆಯನ್ನು ಲಂಬಿಸಿ ಮಾತಿನ ಹೊತ್ತನ್ನು ಕಬಳಿಸುತ್ತಾನೆಂಬುದು ಇನ್ನೊಂದು ಪಕ್ಷದ ದೂರು. ಎರಡರ ಮೂಲವೂ ಒಂದೇ. ಹಾಡುಗಾರನ ಸಾಮರ್ಥ್ಯವನ್ನು ಅವನು ತಾನೇ ಮಾಡಿ ತೋರಿಸುವುದರಿಂದ ಅಳೆಯಬೇಕೋ, ಅವನಿಂದಾಗಿ ಇತರರು ಮಾಡಬಲ್ಲುದರಿಂದ ಅಳೆಯಬೇಕೋ ಎಂಬುದು ಆ ಮೂಲಪ್ರಶ್ನೆ.

ಮೇಜಿನ ಆಟದ ಏರ್ಪಾಡು

ಈಗ ಇನ್ನೊಂದು ಆಟವನ್ನು ನೋಡಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಯುದ್ಧದ ಮೇಜಿನಾಟಗಳನ್ನು ಮಾರ್ಪಡಿಸಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ರೂಪಿಸಿದರು. ಸೈನ್ಯಗಳನ್ನು ನಡೆಸುವ ಬದಲು ಪ್ರತಿಯೊಬ್ಬ ಆಟಗಾರನೂ ಒಬ್ಬನೇ ವ್ಯಕ್ತಿಯ ಪಾತ್ರವನ್ನು ವಹಿಸುವುದು ಇದರ ಹೊಸತನ. ಆಟಗಾರರಲ್ಲಿ ಒಬ್ಬನು ಸೂತ್ರಧಾರನಾಗುತ್ತಾನೆ. ಊರು, ಕಾಡು, ಗುಹೆ, ಶತ್ರು, ಅತಿಥಿ ಎಲ್ಲವೂ ಅವನ ಬಾಯಿಂದ ಬರಬೇಕು. ಉಳಿದವರು ತಮ್ಮ ತಮ್ಮ ಪಾತ್ರಗಳು ಏನು ಹೇಳುತ್ತವೆ, ಏನು ಮಾಡುತ್ತವೆ ಎಂಬುದನ್ನು ತಿಳಿಸುತ್ತಾರೆ. ಕಾರ್ಯದ ಫಲ ಸಂದಿಗ್ಧವಾಗಿದ್ದರೆ ದಾಳವುರುಳುತ್ತದೆ.

ಪ್ರತಿಯೊಂದು ಪಾತ್ರಕ್ಕೂ ಒಂದು ವೃತ್ತಿವರ್ಗವಿರುತ್ತದೆ. ಮೂಲದಲ್ಲಿದ್ದವು ಮೂರೇ: ಯೋಧ, ಮಂತ್ರವಾದಿ, ಪುರೋಹಿತ. ಕಳ್ಳನೆಂಬ ವರ್ಗ ಬೇಗನೆ ಸೇರಿಕೊಂಡಿತು. ವರ್ಗಕ್ಕೆ ತಕ್ಕ ಸಾಮರ್ಥ್ಯಗಳು, ಮಟ್ಟದಿಂದ ಮಟ್ಟಕ್ಕೆ ಏರಿದಂತೆ ದೊರೆಯುವ ಶಕ್ತಿಗಳು, ಮಾಡಬಾರದೆಂಬ ನಿಷೇಧಗಳು ಗ್ರಂಥದಲ್ಲಿ ಲಿಖಿತವಾಗಿರುತ್ತವೆ. ಇದಲ್ಲದೆ ದೇಹಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕಗಳುಂಟು. ಮೂಲನಿಯಮದಲ್ಲಿ ಆರು ಮುಖದ ಮೂರು ದಾಳಗಳನ್ನುರುಳಿಸಿ 3ರಿಂದ 18ರವರೆಗಿನ ಈ ಅಂಕಗಳನ್ನು ಪಡೆಯುತ್ತಿದ್ದರು.

ತಾಳಮದ್ದಳೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ಅಲ್ಲಿ ಕಥೆಯ ಅಂತ್ಯ ನಿಶ್ಚಿತ, ಮಾತು ಮುಕ್ತ. ಇಲ್ಲಿ ಅಂತ್ಯವೂ ಅನಿಶ್ಚಿತ. ಅದನ್ನು ತೀರ್ಮಾನಿಸುವುದು ದಾಳ. ಎರಡನೆಯ ವ್ಯತ್ಯಾಸವೂ ಅಷ್ಟೇ ಮಹತ್ವದ್ದು. ತಾಳಮದ್ದಳೆಯಲ್ಲಿ ಹಾಡುವವನೂ ಆಟವನ್ನು ನಡೆಸುವವನೂ ಒಬ್ಬನೇ. ಮೇಜಿನ ಆಟದಲ್ಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸಲಾಗಿದೆ: ನಡೆಸುವ ಅಧಿಕಾರ ಸೂತ್ರಧಾರನಿಗೆ, ಹಾಡುವ ಕೆಲಸ ಬಾರ್ಡನಿಗೆ. ಅಧಿಕಾರವನ್ನು ಕಳೆದುಕೊಂಡ ಹಾಡುಗಾರನಿಗೆ ಇನ್ನೇನು ಕೊಡಬೇಕು? ಬಾರ್ಡನ ನಿಯಮಗಳ ಐವತ್ತು ವರ್ಷಗಳ ಚರ್ಚೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆದಿದೆ ಎನ್ನಲಡ್ಡಿಯಿಲ್ಲ.

ನಿಯಮಗಳ ಬೆಳವಣಿಗೆ

ಬಾರ್ಡನೆಂಬ ವರ್ಗ ಮೊದಲು ಕಾಣಿಸಿಕೊಂಡುದು 1976ರ ಫೆಬ್ರವರಿಯ ‘ದಿ ಸ್ಟ್ರಾಟಜಿಕ್ ರಿವ್ಯೂ’ ಪತ್ರಿಕೆಯಲ್ಲಿ. ಅದರ ಕರ್ತೃ ಡಗ್ ಶ್ವೆಗ್‌ಮನ್ ಮೂರು ಪರಂಪರೆಗಳನ್ನು ಕೂಡಿಸಿದನು: ಉತ್ತರ ಯೂರೋಪಿನ ವೀರಗಾಯಕ, ಕೆಲ್ಟಿಕ್ ಜನರ ಬಾರ್ಡ್, ದಕ್ಷಿಣ ಯೂರೋಪಿನ ಅಲೆಮಾರಿ ಹಾಡುಗಾರ. ಈ ಮೂವರ ಸ್ವಭಾವಗಳು ಒಂದೇ ಅಲ್ಲ. ಮೊದಲನೆಯವನು ಯುದ್ಧಭೂಮಿಗೂ ಹೋಗುವವನು. ಎರಡನೆಯವನು ವಂಶಾವಳಿ, ಐತಿಹ್ಯಗಳನ್ನು ವರ್ಷಾನುಗಟ್ಟಲೆ ಕಂಠಸ್ಥಮಾಡಿದವನು. ಮೂರನೆಯವನು ಊರೂರು ಸುತ್ತುವ ವಿನೋದಗಾರ. ಮೂವರನ್ನೂ ಒಬ್ಬನಲ್ಲಿ ತುಂಬಿದ್ದರಿಂದ ಬಾರ್ಡನು ಹುಟ್ಟಿನಿಂದಲೇ ‘ಎಲ್ಲವನ್ನೂ ಅಷ್ಟಿಷ್ಟು ಬಲ್ಲವನು’ ಆದನು: ಸ್ವಲ್ಪ ಯುದ್ಧ, ಸ್ವಲ್ಪ ಕಳ್ಳತನ, ಸ್ವಲ್ಪ ಮಂತ್ರ.

1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಗೈಗ್ಯಾಕ್ಸ್ ಬಾರ್ಡನನ್ನು ಅನುಬಂಧಕ್ಕೆ ಸರಿಸಿ, ಅವನಾಗುವ ದಾರಿಯನ್ನು ಅತಿ ಕಠಿಣಗೊಳಿಸಿದನು. ಪಾತ್ರವು ಮೊದಲು ಯೋಧನಾಗಿ ಐದನೆಯ ಮಟ್ಟವನ್ನು ಮುಟ್ಟಬೇಕು. ಎಂಟನೆಯದನ್ನು ಮುಟ್ಟುವ ಮುನ್ನ ಅದನ್ನು ಬಿಟ್ಟು ಕಳ್ಳನಾಗಬೇಕು. ಅಲ್ಲಿಯೂ ಐದರಿಂದ ಒಂಬತ್ತರ ನಡುವೆ ವೃತ್ತಿಯನ್ನು ತೊರೆದು ಡ್ರೂಯಿಡ್ ಪುರೋಹಿತರ ಶಿಷ್ಯತ್ವ ವಹಿಸಬೇಕು. ಆ ಮೇಲೆಯೇ ಬಾರ್ಡ್ ಪದವಿ. ಇದಲ್ಲದೆ ದೇಹಬಲ, ವಿವೇಕ, ಚುರುಕು, ವರ್ಚಸ್ಸು ನಾಲ್ಕರಲ್ಲಿಯೂ 15 ಅಂಕಗಳಿಗೆ ಕಡಿಮೆಯಿರಬಾರದು. ಇಷ್ಟನ್ನೂ ದಾಟಿದವನು ಬಲಿಷ್ಠನಾಗಿದ್ದನೆಂಬುದು ನಿಜ; ಆದರೆ ಅಲ್ಲಿಯವರೆಗೆ ಆಟವನ್ನು ಮುಂದುವರಿಸಿದವರು ವಿರಳ.

1989ರ ಎರಡನೆಯ ಆವೃತ್ತಿ ಈ ಕಟ್ಟನ್ನು ಸಡಿಲಿಸಿತು. ಬಾರ್ಡನು ಮೊದಲ ಮಟ್ಟದಿಂದಲೇ ಬಾರ್ಡನಾಗಬಹುದಾಯಿತು. ಅವನ ಮಂತ್ರಗಳು ಮಂತ್ರವಾದಿಯ ಪುಸ್ತಕದಿಂದ, ಕೈಚಳಕ ಕಳ್ಳನಿಂದ ಬಂದವು. 2000ದ ಮೂರನೆಯ ಆವೃತ್ತಿ ‘ಬಾರ್ಡನ ಸಂಗೀತ’ವೆಂಬ ಪ್ರತ್ಯೇಕ ಶಕ್ತಿಯನ್ನು ಕ್ರಮಬದ್ಧವಾಗಿ ಬೆಳೆಸಿತು. ಹಾಡಿನಿಂದ ಸಂಗಡಿಗರ ಧೈರ್ಯವನ್ನು ಹೆಚ್ಚಿಸುವುದು, ಕೇಳುವವರನ್ನು ಮೋಹಗೊಳಿಸುವುದು, ಶತ್ರುವಿನ ನಾದಶಕ್ತಿಗೆ ಪ್ರತಿಹಾಡಿನಿಂದ ತಡೆಯೊಡ್ಡುವುದು ಇವುಗಳಲ್ಲಿ ಮುಖ್ಯ. ಆದರೆ ಮಂತ್ರಗಳ ಒಂಬತ್ತು ಮೆಟ್ಟಿಲುಗಳಲ್ಲಿ ಅವನಿಗೆ ದೊರೆತುದು ಆರೇ. ಯೋಧ, ಮಂತ್ರವಾದಿ, ಪುರೋಹಿತ, ಕಳ್ಳ ಈ ನಾಲ್ವರಿದ್ದರೆ ಆಟ ನಡೆಯುತ್ತದೆ, ಐದನೆಯವನಾಗಿ ಬಂದರೆ ಬಾರ್ಡನಿರಲಿ ಎಂಬ ಉದಾಸೀನ ಆಟಗಾರರಲ್ಲಿ ಬೇರೂರಿದುದು ಈ ಕಾಲದಲ್ಲಿ.

2009ರಲ್ಲಿ ನಾಲ್ಕನೆಯ ಆವೃತ್ತಿಯ ಎರಡನೆಯ ಕೈಪಿಡಿ ಬಾರ್ಡನನ್ನು ‘ಮುಂದಾಳು’ಗಳ ಗುಂಪಿಗೆ ಸೇರಿಸಿತು. ಗಾಯಗೊಂಡವನನ್ನು ಮಾತಿನಿಂದಲೇ ಚೇತರಿಸುವ ಶಕ್ತಿ ಆಗ ಅವನ ಸಹಜ ಕರ್ತವ್ಯವಾಯಿತು. 2014ರ ಐದನೆಯ ಆವೃತ್ತಿ ಅವನಿಗೆ ಒಂಬತ್ತೂ ಮೆಟ್ಟಿಲುಗಳ ಮಂತ್ರಾಧಿಕಾರವನ್ನು ಕೊಟ್ಟು, ‘ಸ್ಫೂರ್ತಿದಾನ’ವನ್ನು ಅವನ ಕೇಂದ್ರಶಕ್ತಿಯಾಗಿ ನಿಲ್ಲಿಸಿತು. ತನಗಲ್ಲದೆ ಇನ್ನೊಬ್ಬನಿಗೆ ಮಾತ್ರ ಕೊಡಬಹುದಾದ ದಾಳವೊಂದು ಬಾರ್ಡನ ಬಳಿ ಇರುತ್ತದೆ. 60 ಅಡಿಗಳೊಳಗೆ ಇದ್ದು ಅವನ ದನಿಯನ್ನು ಕೇಳಬಲ್ಲ ಸಂಗಡಿಗನು ಅದನ್ನು ಪಡೆದು, ಹತ್ತು ನಿಮಿಷಗಳೊಳಗೆ ತನ್ನ ಯಾವುದಾದರೂ ಕಷ್ಟದ ಪ್ರಯತ್ನಕ್ಕೆ ಸೇರಿಸಿಕೊಳ್ಳಬಹುದು. ಮೊದಲು ಅದು ಆರು ಮುಖದ ದಾಳ. ಐದನೆಯ ಮಟ್ಟದಲ್ಲಿ ಎಂಟು, ಹತ್ತನೆಯದರಲ್ಲಿ ಹತ್ತು, ಹದಿನೈದನೆಯದರಲ್ಲಿ ಹನ್ನೆರಡು ಮುಖಗಳದು.

ಇದರ ಬೆಲೆಯನ್ನು ಲೆಕ್ಕದಿಂದಲೂ ತಿಳಿಯಬಹುದು. ಈ ಆಟದಲ್ಲಿ ಪ್ರಯತ್ನಗಳನ್ನು ಇಪ್ಪತ್ತು ಮುಖದ ದಾಳದಿಂದ ನಿರ್ಣಯಿಸುವುದರಿಂದ ಒಂದೊಂದು ಅಂಕಕ್ಕೂ ನೂರಕ್ಕೆ 5ರಷ್ಟು ಬೆಲೆಯುಂಟು. ಆರು ಮುಖದ ದಾಳದ ಸರಾಸರಿ 3.5, ಆದುದರಿಂದ ಸಾಮಾನ್ಯ ಸಂದರ್ಭಗಳಲ್ಲಿ ಸ್ಫೂರ್ತಿ ಪಡೆದವನ ಯಶಸ್ಸಿನ ಸಂಭವ ನೂರಕ್ಕೆ ಸುಮಾರು 17.5ರಷ್ಟು ಏರುತ್ತದೆ. ಹನ್ನೆರಡು ಮುಖದ ದಾಳದಿಂದ ಅದು ಸುಮಾರು 32.5 ಆಗುತ್ತದೆ. ಬೇರೆಯವನ ಕೈಯಿಂದ ಮೂರರಲ್ಲೊಂದು ಪಾಲು ಕೆಲಸ ಮಾಡಿಸಬಲ್ಲ ಹಾಡುಗಾರನನ್ನು ಐದನೆಯವನೆಂದು ಕಡೆಗಣಿಸಲಾಗದು. 2024ರ ಪರಿಷ್ಕರಣದಲ್ಲಿ ಸ್ಫೂರ್ತಿಯ ಅವಧಿ ಒಂದು ಗಂಟೆಗೆ ಏರಿತು; ಪ್ರಯತ್ನ ಸೋತಿತೆಂದು ತಿಳಿದ ಬಳಿಕವೇ ಅದನ್ನು ಬಳಸಿಕೊಳ್ಳುವಂತಾಯಿತು.

ಚರ್ಚೆಯ ಮೂರು ಪ್ರಶ್ನೆಗಳು

ಈ ಇತಿಹಾಸದಲ್ಲಿ ಮೂರು ಪ್ರಶ್ನೆಗಳು ಮತ್ತೆ ಮತ್ತೆ ತಲೆಯೆತ್ತಿವೆ. ಮೊದಲನೆಯದು ಹಾಡುಗಾರನು ನಿಯಮಬದ್ಧನೋ ಸ್ವಚ್ಛಂದನೋ ಎಂಬುದು. 2000ದ ಆವೃತ್ತಿಯಲ್ಲಿ ನಿಯಮನಿಷ್ಠ ಸ್ವಭಾವದ ಪಾತ್ರವು ಬಾರ್ಡನಾಗುವಂತಿರಲಿಲ್ಲ. ಅಲೆಮಾರಿತನ, ಆಶುಪ್ರತಿಭೆಗಳು ಕಟ್ಟುಪಾಡಿಗೆ ಒಗ್ಗುವುದಿಲ್ಲವೆಂಬುದು ಅದರ ಹಿಂದಿನ ವಿಚಾರ. ಮುಂದಿನ ಆವೃತ್ತಿಗಳು ಈ ನಿಷೇಧವನ್ನು ಕೈಬಿಟ್ಟವು. ಭಾಗವತನನ್ನು ಕಂಡವರಿಗೆ ಆ ನಿಷೇಧವೇ ವಿಚಿತ್ರವಾಗಿ ತೋರುತ್ತದೆ. ಕೂಟದಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟಿಗೊಳಗಾದವನು ಅವನೇ: ತಾಳ ತಪ್ಪುವಂತಿಲ್ಲ, ಶ್ರುತಿ ಬಿಡುವಂತಿಲ್ಲ, ಪದ್ಯದ ಛಂದಸ್ಸನ್ನು ಮುರಿಯುವಂತಿಲ್ಲ. ಆ ಕಟ್ಟಿನೊಳಗೆ ಅವನು ತೋರುವ ಸ್ವಾತಂತ್ರ್ಯಕ್ಕೆ ಬೆಲೆ. ಆಶುತ್ವವು ನಿಯಮದ ಅಭಾವದಿಂದ ಹುಟ್ಟುವುದೆಂಬ ಭಾವನೆ ಪಶ್ಚಿಮದ ಅಲೆಮಾರಿ ಹಾಡುಗಾರನ ಒಂದು ಚಿತ್ರದಿಂದ ಬಂದುದೇ ಹೊರತು ಹಾಡುಗಾರಿಕೆಯ ಸ್ವಭಾವದಿಂದ ಬಂದುದಲ್ಲ.

ಎರಡನೆಯದು, ಎಲ್ಲವನ್ನೂ ಅಷ್ಟಿಷ್ಟು ಬಲ್ಲವನಿಗೆ ತನ್ನದೆಂಬ ವಿದ್ಯೆ ಯಾವುದು ಎಂಬ ಪ್ರಶ್ನೆ. ಕನ್ನಡ ನಾಡಿನ ಹಾಡುಗಾರರನ್ನು ನೋಡಿದರೆ ಒಬ್ಬೊಬ್ಬರಿಗೂ ಅವರದೇ ಆದ ಒಂದು ಸಾಮರ್ಥ್ಯ ಸ್ಪಷ್ಟವಾಗಿ ಸಂದಿದೆ. ಉತ್ತರ ಕರ್ನಾಟಕದ ಹೆಳವರು ಎತ್ತುಗಳನ್ನು ಹೂಡಿಕೊಂಡು ಊರೂರಿಗೆ ಹೋಗಿ ಮನೆತನಗಳ ವಂಶಾವಳಿಯನ್ನು ಹೇಳುವವರು. ಅವರ ಶಕ್ತಿ ನೆನಪು. ಬಾರ್ಡನಿಗೆ ಆರಂಭದಿಂದಲೂ ಕೊಟ್ಟಿರುವ ಐತಿಹ್ಯಜ್ಞಾನಕ್ಕೆ ಇದು ಸಮನಾದುದು. ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಕಡೆಯ ಹರದೇಶಿ–ನಾಗೇಶಿ ಮೇಳಗಳು ಪುರುಷ ಹೆಚ್ಚೋ ಪ್ರಕೃತಿ ಹೆಚ್ಚೋ, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ದಪ್ಪು, ತುಂತುಣಿ, ತಾಳಗಳೊಡನೆ ಹಾಡಿನಲ್ಲಿಯೇ ಪ್ರಶ್ನೆ ಹಾಕಿ ಹಾಡಿನಲ್ಲಿಯೇ ಉತ್ತರ ಪಡೆಯುತ್ತವೆ. ಅವುಗಳ ಶಕ್ತಿ ಪ್ರತ್ಯುತ್ತರ. ಇದೇ ಕುಲದ ಶಕ್ತಿ–ತುರಾ ಹಾಡುಗಳು ಕೊಂಕಣದ ಮರಾಠಿ ಜನರಲ್ಲಿಯೂ ಬಳಕೆಯಲ್ಲಿವೆ. ಮೂರನೆಯ ಆವೃತ್ತಿಯ ಪ್ರತಿಹಾಡು ಇವುಗಳ ದೂರದ ನೆಂಟನೆನ್ನಬಹುದು. ಐರ್ಲೆಂಡಿನ ಪ್ರಾಚೀನ ಕವಿಗಳು ನಿಂದಾಪದ್ಯದಿಂದ ಅರಸನ ಮುಖದ ಮೇಲೆ ಬೊಕ್ಕೆಗಳನ್ನೆಬ್ಬಿಸಬಲ್ಲರೆಂಬ ನಂಬಿಕೆಯಿತ್ತು. ಐದನೆಯ ಆವೃತ್ತಿಯಲ್ಲಿ ಬಾರ್ಡನ ಮೂದಲೆಯ ಮಾತು ಶತ್ರುವಿಗೆ ನಿಜವಾದ ಪೆಟ್ಟುಕೊಡುವುದು ಆ ನಂಬಿಕೆಯ ಶೇಷ.

ನೆನಪು, ಪ್ರತ್ಯುತ್ತರ, ನಿಂದೆ, ಸ್ಫೂರ್ತಿ ಇವೆಲ್ಲವೂ ಮಾತಿನಿಂದಲೂ ನಾದದಿಂದಲೂ ಹುಟ್ಟುವ ಶಕ್ತಿಗಳು. ಇವುಗಳನ್ನು ಬೆಳೆಸಿದ ಆವೃತ್ತಿಗಳಲ್ಲಿ ಬಾರ್ಡನು ತಾನಾಗಿ ನಿಂತನು. ಯೋಧನ ಕತ್ತಿಯನ್ನೂ ಕಳ್ಳನ ಕೈಯನ್ನೂ ಅರ್ಧರ್ಧ ಎರವಲು ಕೊಟ್ಟ ಆವೃತ್ತಿಗಳಲ್ಲಿ ಅವನು ಯಾರೂ ಆಗಲಿಲ್ಲ. ಈ ಎರವಲಿನ ಗುಣವನ್ನು ಆಟವು ಈಗಲೂ ಪೂರ್ಣವಾಗಿ ತೊರೆದಿಲ್ಲ. ಹತ್ತನೆಯ ಮಟ್ಟದಲ್ಲಿ ಬಾರ್ಡನಿಗೆ ಇತರ ವರ್ಗಗಳ ಮಂತ್ರಗಳನ್ನು ಕಲಿಯುವ ಅವಕಾಶವಿದೆ. ಇದು ಅನ್ಯಾಯವೆಂದು ಮಂತ್ರವಾದಿಯ ಪಕ್ಷದವರೂ, ಎಲ್ಲ ಕಥೆಗಳನ್ನೂ ಬಲ್ಲವನಿಗೆ ಇದು ನ್ಯಾಯವೇ ಎಂದು ಬಾರ್ಡನ ಪಕ್ಷದವರೂ ವಾದಿಸುತ್ತಾರೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸಾಮರ್ಥ್ಯ ಯಾರದು, ಪಾತ್ರದ್ದೋ ಆಟಗಾರನದ್ದೋ? ಮೇಜಿನ ಆಟದ ನಿಯಮದಂತೆ ಬಾರ್ಡನ ಪಾತ್ರ ವಹಿಸಿದವನು ನಿಜವಾಗಿ ಹಾಡಬೇಕಾಗಿಲ್ಲ. ಅವನ ಹಾಳೆಯಲ್ಲಿ ವರ್ಚಸ್ಸಿಗೆ 18 ಅಂಕವಿದ್ದರೆ ಸಾಕು. ‘ನಾನು ಹಾಡಿ ಅವನನ್ನು ಹುರಿದುಂಬಿಸುತ್ತೇನೆ’ ಎಂದರೆ ಕಾರ್ಯವಾಯಿತು. ಒಂದು ಪಕ್ಷವು ಇದನ್ನು ಆಟದ ಔದಾರ್ಯವೆನ್ನುತ್ತದೆ. ಕತ್ತಿ ಹಿಡಿಯಲಾರದವನು ಯೋಧನ ಪಾತ್ರ ವಹಿಸಬಹುದಾದರೆ, ನಾಚಿಕೆಯ ಸ್ವಭಾವದವನು ವಾಗ್ಮಿಯ ಪಾತ್ರವನ್ನೇಕೆ ವಹಿಸಬಾರದು? ಇನ್ನೊಂದು ಪಕ್ಷವು ಮಾತೇ ಈ ಆಟದ ಉಸಿರಾಗಿರುವಾಗ ಮಾತಿನ ಕೆಲಸವನ್ನು ದಾಳಕ್ಕೊಪ್ಪಿಸಿದರೆ ಉಳಿಯುವುದೇನು ಎಂದು ಕೇಳುತ್ತದೆ. ಸ್ಫೂರ್ತಿ ಪಡೆಯುವವನಿಗೆ ದನಿ ಕೇಳಿಸಿರಬೇಕೆಂದು 2014ರ ನಿಯಮ ಹೇಳಿದ್ದರೆ, 2024ರ ನಿಯಮಕ್ಕೆ ಕಂಡರೂ ಸಾಕು. ನಾದದಿಂದ ಹಾಡುಗಾರನು ಇನ್ನೊಂದು ಹೆಜ್ಜೆ ದೂರ ಸರಿದನೆಂದು ಒಬ್ಬರೂ, ಕಿವಿ ಕೇಳದವನಿಗೂ ಅವನು ಹತ್ತಿರವಾದನೆಂದು ಇನ್ನೊಬ್ಬರೂ ಇದನ್ನು ವ್ಯಾಖ್ಯಾನಿಸಬಹುದು.

ತಾಳಮದ್ದಳೆ ಈ ಪ್ರಶ್ನೆಗೆ ನಿಷ್ಠುರವಾಗಿ ಉತ್ತರ ಕೊಟ್ಟಿದೆ. ಅಲ್ಲಿ ಅಂಕದ ಹಾಳೆಯಿಲ್ಲ. ಕೃಷ್ಣನ ಚಾತುರ್ಯ ಅರ್ಥಧಾರಿಯ ಬಾಯಲ್ಲಿಲ್ಲದಿದ್ದರೆ ಕೂಟದಲ್ಲಿ ಕೃಷ್ಣನೇ ಇಲ್ಲ. ಕಲೆಯ ಎತ್ತರ ಬಂದುದು ಈ ನಿಷ್ಠುರತೆಯಿಂದ. ಹೊಸಬನಿಗೆ ಬಾಗಿಲು ಕಿರಿದಾದುದೂ ಇದರಿಂದಲೇ. ಊರಿನಲ್ಲಿ ಈ ದೋಷ ಅಷ್ಟಾಗಿ ತೋರದು. ಅಲ್ಲಿ ಭಾಷೆ ಗಾಳಿಯಲ್ಲಿಯೇ ಇರುತ್ತದೆ. ಮನೆಯಲ್ಲಿ ತುಳುವೋ ಕನ್ನಡವೋ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಆಗಿರುವ ರಬಾಳೆಯಂತಹ ಊರಿನ ಮಗುವಿಗೆ ವಾಲಿಯ ಪೀಠಿಕೆ ಹತ್ತಲಾಗದ ಕೋಟೆ. ಅದೇ ಮಗು ಮೇಜಿನ ಆಟದಲ್ಲಿ ಅಂಕದ ಊರುಗೋಲಿನಿಂದ ಮಾತಿಗೆ ತೊಡಗಿ, ಕೆಲವು ಆಟಗಳಾದ ಮೇಲೆ ಊರುಗೋಲನ್ನು ಮರೆತು ಪಾತ್ರದ ದನಿಯಲ್ಲಿಯೇ ಮಾತನಾಡತೊಡಗುವುದುಂಟು.

ಹೋಲಿಕೆಯಿಂದ ತಿಳಿಯುವುದು

ಎರಡು ಆಟಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೇಜಿನ ಆಟ ಹಲವು ಪ್ರಯೋಗಗಳ ಬಳಿಕ, ತನಗಾಗಿ ಬಳಸಿಕೊಳ್ಳಲಾಗದ ದಾಳವೊಂದನ್ನು ಬಾರ್ಡನ ಕೈಗೆ ಕೊಟ್ಟು, ಹಾಡುಗಾರನ ಸಾಮರ್ಥ್ಯವಿರುವುದು ಇತರರನ್ನು ಎತ್ತುವುದರಲ್ಲಿ ಎಂಬ ನಿಲುವಿಗೆ ಬಂದಿತು. ಭಾಗವತನ ಎತ್ತುಗಡೆಯೂ ಇದೇ. ಅವನು ಹಾಡಿದ ಪದ್ಯ ಅವನಿಗಾಗಿ ಅಲ್ಲ. ಎದುರಿಗೆ ಕುಳಿತವನು ಅದರಿಂದ ಮೇಲೇಳಲೆಂದು. ಮಾತಿನ ಮಲ್ಲರ ಕುರಿತಾದ ದೂರಿಗೂ ಆಲಾಪನೆಯ ಕುರಿತಾದ ದೂರಿಗೂ ಈ ಅಳತೆಗೋಲಿನಿಂದಲೇ ನ್ಯಾಯ ದೊರೆಯಬೇಕು. ಯಾವ ಹಾಡು ಮುಂದಿನ ಮಾತಿಗೆ ಬಲ ಕೊಡುವುದೋ ಅದು ಎಷ್ಟು ದೀರ್ಘವಾದರೂ ಸಲ್ಲುತ್ತದೆ. ಯಾವುದು ಕೊಡುವುದಿಲ್ಲವೋ ಅದು ಎಷ್ಟು ಮಧುರವಾದರೂ ಕೂಟಕ್ಕೆ ಹೊರೆ.

ಆದರೆ ಮೇಜಿನ ಆಟ ಮುಟ್ಟದ ಒಂದು ಅಂಶವಿದೆ. ಬಾರ್ಡನು ಬಲವನ್ನು ಕೊಡಬಲ್ಲನು, ಹೊತ್ತನ್ನು ಆಳಲಾರನು. ಎಲ್ಲಿ ಮಾತು ನಿಲ್ಲಬೇಕು, ಎಲ್ಲಿ ಕಥೆ ತಿರುಗಬೇಕು ಎಂಬ ನಿರ್ಣಯ ಸೂತ್ರಧಾರನದು. ಭಾಗವತನಲ್ಲಿ ಈ ಎರಡೂ ಒಂದಾಗಿರುವುದರಿಂದ ಅವನ ತಡೆಯೂ ಕೊಡುಗೆಯಾಗಿ ಪರಿಣಮಿಸುತ್ತದೆ. ಕೊನೆಯ ಲೋಕಲ್ ಗಾಡಿಯ ಹೊತ್ತಿಗೆ ಮುಗಿಯಬೇಕಾದ ಮುಂಬಯಿಯ ಕೂಟಗಳಲ್ಲಿ ಇದರ ಪ್ರಯೋಜನ ಪ್ರತ್ಯಕ್ಷ. ನಾಲ್ಕು ಗಂಟೆಯ ಪ್ರಸಂಗವನ್ನು ಎರಡು ಗಂಟೆಗೆ ಇಳಿಸುವಾಗ ಯಾವ ಪದ್ಯವನ್ನು ಬಿಟ್ಟರೂ ಯಾವ ಪಾತ್ರಕ್ಕೂ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಯಾವ ಕೈಪಿಡಿಯಲ್ಲಿಯೂ ಬರೆದಿಡಲಾಗದ ಸಾಮರ್ಥ್ಯ.

ಹಾಗೆಯೇ ತಾಳಮದ್ದಳೆಯ ಸಂಘಟಕರು ಮೇಜಿನ ಆಟದಿಂದ ಕಲಿಯಬಹುದಾದುದೂ ಇದೆ. ಹೊಸಬನಿಗೆ ಮೊದಲ ದಿನವೇ ಪೂರ್ಣ ವಾಗ್ಮಿತೆಯನ್ನು ಕೇಳದೆ, ಮಟ್ಟದಿಂದ ಮಟ್ಟಕ್ಕೆ ಏರಿಸುವ ಕ್ರಮ ಅದರಲ್ಲಿದೆ. ಇಂತಹ ಕ್ರಮ ಕೂಟದ ಪರಂಪರೆಗೂ ಅಪರಿಚಿತವಲ್ಲ. ಎರಡು ಪದ್ಯಗಳ ದೂತನ ಪಾತ್ರ, ನಾಲ್ಕು ಪದ್ಯಗಳ ತಾರೆಯ ಪಾತ್ರ, ಆ ಮೇಲೆ ಸುಗ್ರೀವ, ಅನಂತರ ರಾಮ, ಕೊನೆಗೆ ವಾಲಿ ಹೀಗೆ ಏಣಿಯನ್ನು ಕಟ್ಟಬಹುದು. ಹೊಸಬನ ಉಸಿರಿಗೆ ತಕ್ಕ ಲಯದಲ್ಲಿ ಭಾಗವತನು ಪದ್ಯ ಎತ್ತಿ, ಎದುರಿನ ಹಿರಿಯ ಅರ್ಥಧಾರಿ ಅವನು ಉತ್ತರಿಸಬಲ್ಲ ಪ್ರಶ್ನೆಯನ್ನೇ ಕೇಳಿ, ಅವನ ಅರ್ಧ ವಾಕ್ಯವನ್ನು ತಾನು ಪೂರ್ಣಗೊಳಿಸಿಕೊಟ್ಟರೆ ಸ್ಫೂರ್ತಿಯ ದಾಳವನ್ನು ಕೈಗಿತ್ತಂತೆಯೇ ಆಯಿತು. ಬೆಳೆದ ಅರ್ಥಧಾರಿಗೆ ಅನಾವಶ್ಯಕವಾದ ಈ ಔದಾರ್ಯವನ್ನು ಮೊದಲ ವರ್ಷಗಳಲ್ಲಿಯೂ ನಿರಾಕರಿಸಿದರೆ ಎರಡನೆಯ ಸಾಲಿನಲ್ಲಿ ಕುಳಿತುಕೊಳ್ಳುವವರು ಉಳಿಯುವುದಿಲ್ಲ.

ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ ಹಳ್ಳಿಯ ಆಟವೊಂದು ವಿದ್ವತ್ತಿನ ವಿಷಯವಾಗಬಲ್ಲುದೆಂಬುದು ದೇಶಕ್ಕೆ ತಿಳಿಯಿತು. ಮೇಜಿನ ಆಟವನ್ನು ಮಕ್ಕಳಾಟವೆಂದು ಬದಿಗಿಡುವ ಮುನ್ನ ಈ ನೆನಪು ಇರುವುದು ಒಳ್ಳೆಯದು. ನಿಯಮವೊಂದನ್ನು ಮುಂದಿಟ್ಟುಕೊಂಡು ಹಾಡುಗಾರನಿಗೆ ಇಷ್ಟು ಶಕ್ತಿ ಸಲ್ಲುವುದೋ ಇಲ್ಲವೋ ಎಂದು ಐರೋಳಿಯಲ್ಲಿಯೋ ರಬಾಳೆಯಲ್ಲಿಯೋ ತರುಣರು ಇಂಗ್ಲಿಷಿನಲ್ಲಿ ವಾದಿಸುವಾಗ, ಅವರು ಕೇಳುತ್ತಿರುವ ಪ್ರಶ್ನೆ ಕರಾವಳಿಯ ಚಾವಡಿಗಳಲ್ಲಿ ಕನ್ನಡದಲ್ಲಿ ಕೇಳಿಬಂದ ಹಳೆಯ ಪ್ರಶ್ನೆಯೇ ಆಗಿರುತ್ತದೆ. ಅದನ್ನು ಅವರಿಗೆ ತಿಳಿಸಿಕೊಡುವ ಕೆಲಸ ಎರಡೂ ಆಟಗಳನ್ನು ಬಲ್ಲವರದು.